ಹೊಲದ ಕಳೆ, ಬಂಗಲೆಯ ಹಾಸು

ಕರ್ನಾಟಕದ ಬಯಲುಸೀಮೆಯಲ್ಲಿ ಗರಿಕೆಯನ್ನು ಯಾರೂ ನೆಟ್ಟು ಬೆಳೆಸಬೇಕಿರಲಿಲ್ಲ. ನೆಲದ ಮೇಲೆ ಹರಿಯುವ ಬಳ್ಳಿ ಗೆಣ್ಣುಗೆಣ್ಣಿಗೂ ಬೇರು ಬಿಡುತ್ತದೆ. ಮಣ್ಣಿನೊಳಗೂ ಬಿಳಿ ಕಾಂಡ ಹಬ್ಬುತ್ತದೆ. ಬೇಸಿಗೆಯಲ್ಲಿ ಎಲೆ ಒಣಗಿ ಕಂದಾದರೂ ಒಳಗಿನ ಕಾಂಡಕ್ಕೆ ಜೀವವಿರುತ್ತದೆ, ಮಳೆ ಬಿದ್ದೊಡನೆ ಚಿಗುರುತ್ತದೆ. ಗೆಣ್ಣಿನಿಂದ ಗೆಣ್ಣಿಗೆ ಬೆಳೆಯುವ ಈ ಗುಣ ಯಜುರ್ವೇದದ ಮಂತ್ರದಲ್ಲೇ ಬಂದಿದೆ.

ರೈತನಿಗೆ ಈ ಗುಣವೇ ಪೀಡೆ. ಕುಂಟೆಗೆ ಸಿಕ್ಕಿ ತುಂಡಾದ ಒಂದೊಂದು ಗೆಣ್ಣೂ ಹೊಸ ಗಿಡವಾಗುತ್ತದೆ. ಎರೆಹೊಲಕ್ಕೆ ಗರಿಕೆ ಹೊಕ್ಕರೆ ಹಲವು ಜೋಡಿ ಎತ್ತು ಹೂಡಿ ಆಳಕ್ಕೆ ನೇಗಿಲು ಹೊಡೆಯಬೇಕಿತ್ತು, ಇಲ್ಲವೇ ಬೇಸಿಗೆಯಲ್ಲಿ ಗುದ್ದಲಿಯಿಂದ ಅಗೆದು, ಬೇರು ಆರಿಸಿ ಬಿಸಿಲಿಗೆ ಹಾಕಬೇಕಿತ್ತು. ಬದುವಿನ ಮೇಲಿನದಕ್ಕೆ ಮಾತ್ರ ವಿನಾಯಿತಿ. ಅಲ್ಲಿ ಮಣ್ಣು ಹಿಡಿಯುವುದೂ ಅದೇ, ದನದ ಮೇವೂ ಅದೇ.

ಮನೆಯಂಗಳದಲ್ಲೂ ಅದರ ಜಾಗ ಅಂಚಿನಲ್ಲೇ. ಗುಡಿಸಿ, ಸಗಣಿ ಸಾರಿಸಿ, ರಂಗೋಲಿ ಬಿಡುವ ನೆಲದಲ್ಲಿ ಹುಲ್ಲು ಬೆಳೆಯುವುದು ಅಲಕ್ಷ್ಯದ ಗುರುತು. ಗಣೇಶನ ಪೂಜೆಯ 21 ಗರಿಕೆ, ಸಗಣಿ ಬೆನಕನ ನೆತ್ತಿಗೆ ಸಿಕ್ಕಿಸುವ ಕುಡಿ, ಇವೆಲ್ಲ ಬೇಲಿ ಬದಿಯಿಂದಲೇ ಬರುತ್ತಿದ್ದವು.

ಹುಲ್ಲನ್ನೇ ಅಂಗಳವಾಗಿಸುವ ರೂಢಿ ಬಂದದ್ದು ಬ್ರಿಟಿಷರ ಬಂಗಲೆಗಳ ಜೊತೆ. ಬೆಂಗಳೂರಿನ ದಂಡು ನೆಲೆಗೊಂಡದ್ದು 1809ರಲ್ಲಿ. ತಂಪು ಸೀಮೆಯ ಇಂಗ್ಲಿಷ್ ಹುಲ್ಲುಗಳಿಗೆ ಇಲ್ಲಿನ ಬೇಸಿಗೆ ಹಿಡಿಸದು. ಹಾಗಾಗಿ ದೊರೆಗಳ ಲಾನ್‌ಗೂ ಒದಗಿದ್ದು ಹೊಲದಿಂದ ಕಿತ್ತೆಸೆಯುತ್ತಿದ್ದ ಗರಿಕೆಯೇ. ಮಾಲಿಗಳು ನೆಲ ಅಗೆದು, ಹದಮಾಡಿ, ಬೇರಿರುವ ತುಂಡುಗಳನ್ನು ಗೇಣಿಗಿಂತ ಕಡಿಮೆ ಅಂತರದಲ್ಲಿ ಊರುತ್ತಾರೆ. ಇನ್ನೊಂದು ವಿಧಾನ ಅಪ್ಪಟ ದೇಸಿ: ಸಣ್ಣಗೆ ಹೆಚ್ಚಿದ ಗರಿಕೆಯನ್ನು ಸಗಣಿ, ಮಣ್ಣು, ನೀರಿನೊಂದಿಗೆ ಕಲಸಿ, ಒದ್ದೆ ನೆಲದ ಮೇಲೆ ಬಳಿದು, ಮೇಲೆ ಒಣಹುಲ್ಲು ಮುಚ್ಚುವುದು. ತೋಟಗಾರಿಕೆಯ ಪಠ್ಯಗಳಲ್ಲಿ ಎರಡೂ ಇಂದಿಗೂ ಇವೆ.

ನರ್ಸರಿಯ ಮೆಕ್ಸಿಕನ್, ಕೊರಿಯನ್ ಹುಲ್ಲುಗಳು ಬಂದ ಮೇಲೆ ಗರಿಕೆ ನಗರದಲ್ಲೂ ಕಳೆಯಾಯಿತು. 2024ರ ಮಾರ್ಚ್‌ನಲ್ಲಿ ನೀರಿನ ಅಭಾವದಿಂದ ಬೆಂಗಳೂರಿನ ಜಲಮಂಡಳಿ ಕೈತೋಟಕ್ಕೆ ಕುಡಿಯುವ ನೀರು ಹಾಯಿಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ವಿಧಿಸಿತು. ಅಂಥ ಬೇಸಿಗೆಯಲ್ಲಿ ಒಣಗಿಯೂ ಉಳಿಯುವುದು ಗರಿಕೆಗೆ ಸಾಧ್ಯ. ನೆರಳಿನಲ್ಲಿ ಮಾತ್ರ ಅದು ತಾಳದು, ಮರದ ಬುಡಕ್ಕೆ ಬೇರೆ ಗಿಡವನ್ನೇ ಹುಡುಕಬೇಕು.