ಗುಲಾಬಿ ತಲೆಯೋ, ಕೆಂಪು ತಲೆಯೋ?

ಕಳೆದುಹೋದ ಹಕ್ಕಿಗಳು | ಕಂತು 4

1/6
ಎರಡು ಬಾತುಗಳ ಕಥೆ ಇದು. ಒಂದು, ಪ್ರತಿ ಚಳಿಗಾಲ ಭಾರತಕ್ಕೆ ವಲಸೆ ಬರುವ ಕೆಂಪು ಜುಟ್ಟಿನ ಬಾತು (ರೆಡ್ ಕ್ರೆಸ್ಟೆಡ್ ಪೋಚಾರ್ಡ್). ಇನ್ನೊಂದು, ಗುಲಾಬಿ ತಲೆಯ ಬಾತು. ಇದು ಕಾಡಿನಲ್ಲಿ ಸಿಕ್ಕಿದ್ದಕ್ಕೆ ಹೆಚ್ಚಿನವರು ಒಪ್ಪುವ ಕೊನೆಯ ದಾಖಲೆ 1935ರ ಜೂನ್ ತಿಂಗಳದ್ದು, ಬಿಹಾರದ ದರ್ಭಂಗಾದಲ್ಲಿ. ಅದಾದ ಮೇಲೂ "ನಾನು ನೋಡಿದೆ" ಅನ್ನೋ ಸುದ್ದಿ ಬರ್ತಾನೇ ಇತ್ತು. ಎಷ್ಟೋ ಸಲ ಅವರು ನೋಡಿದ್ದು ಮೊದಲನೇ ಹಕ್ಕಿ ಇರಬಹುದು ಅಂತ ತಜ್ಞರ ಅನುಮಾನ.

2/6
ಗುಲಾಬಿ ತಲೆಯ ಬಾತಿಗೆ 1790ರಲ್ಲಿ ವೈಜ್ಞಾನಿಕ ಹೆಸರು ಕೊಟ್ಟವರು ಇಂಗ್ಲೆಂಡಿನ ಜಾನ್ ಲೇಥಮ್. ಗಂಗಾ-ಬ್ರಹ್ಮಪುತ್ರಾ ಬಯಲು ಇದರ ಮುಖ್ಯ ನೆಲೆ. ಆಳೆತ್ತರ ಹುಲ್ಲು ಬೆಳೆದ ಜೌಗು, ಅದರ ನಡುವೆ ಮರೆಯಾಗಿರುವ ಕೊಳಗಳು, ಅಲ್ಲೇ ಇದರ ವಾಸ. ಇದರ ಮೊಟ್ಟೆ ನೋಡಿದವರಿಗೆ ಆಶ್ಚರ್ಯ: ಹೆಚ್ಚುಕಡಿಮೆ ಚೆಂಡಿನ ಹಾಗೆ ದುಂಡಗೆ!

ಮಾಂಸಕ್ಕೆ ಅಂಥಾ ರುಚಿ ಇಲ್ಲ ಅಂತ ಬೇಟೆಗಾರರೇ ಬರೆದಿದ್ದಾರೆ. ಆದರೂ ಬಣ್ಣಕ್ಕಾಗಿ ಹೊಡೆದರು, ಕಲ್ಕತ್ತಾದ ಮಾರುಕಟ್ಟೆಯಲ್ಲಿ ಮಾರಿದರು. ಇನ್ನೊಂದು ಕಡೆ ಹುಲ್ಲುಗಾವಲು, ಜೌಗು ಎಲ್ಲ ಹೊಲವಾಗ್ತಾ ಬಂತು. ಮೊದಲೇ ಅಪರೂಪದ ಹಕ್ಕಿ, ಎರಡೂ ಕಡೆಯಿಂದ ಪೆಟ್ಟು ಬಿತ್ತು.

3/6
ಹಾಗಾದ್ರೆ ಎರಡನ್ನೂ ಗುರುತಿಸೋದು ಹೇಗೆ? ಮೊದಲು ಗಂಡು ಹಕ್ಕಿ ನೋಡಿ.

ಗುಲಾಬಿ ತಲೆ: ತಲೆ, ಕತ್ತು ಗುಲಾಬಿ. ಮೈ ಪೂರ್ತಿ ಗಾಢ ಕಂದು. ಕೊಕ್ಕು ಕೂಡ ಗುಲಾಬಿ ಛಾಯೆ.
ಕೆಂಪು ಜುಟ್ಟು: ತಲೆ ದುಂಡಗೆ, ಕಿತ್ತಳೆ-ಕೆಂಪು. ಎದೆ ಕಪ್ಪು, ಪಕ್ಕೆ ಬಿಳಿ. ಕೊಕ್ಕು ಮೆಣಸಿನಕಾಯಿ ಕೆಂಪು.

ಹತ್ತಿರದಿಂದ ನೋಡಿದ್ರೆ ಗೊಂದಲವೇ ಇಲ್ಲ. ಆದರೆ ದೂರ, ಮಂಜು, ಸಂಜೆ ಬೆಳಕು ಸೇರಿದ್ರೆ? ಕೆಂಪು ಜುಟ್ಟಿನ ಹೆಣ್ಣಿಗೆ ಕಂದು ಮೈ, ಮಾಸಲು ಬಿಳಿ ಕೆನ್ನೆ. "ಕಂದು ಮೈ, ತಿಳಿ ತಲೆ" ಅಷ್ಟೇ ಕಂಡರೆ ಮನಸ್ಸು ಉಳಿದದ್ದನ್ನು ತಾನೇ ತುಂಬಿಸಿಕೊಳ್ಳುತ್ತೆ. ಆ ಹೆಣ್ಣಿನ ನೆತ್ತಿ ಗಾಢ ಕಂದು. ಟೋಪಿ ಹಾಕಿದ ಹಾಗೆ ಕಂಡ್ರೆ ಅದು ಗುಲಾಬಿ ತಲೆ ಅಲ್ಲ.

4/6
ಹಾರುವಾಗ ರೆಕ್ಕೆ ನೋಡಿ. ಕೆಂಪು ಜುಟ್ಟಿನ ರೆಕ್ಕೆ ಮೇಲೆ ಅಗಲವಾದ ಬಿಳಿ ಪಟ್ಟಿ ಇದೆ, ಗಂಡಿಗೂ ಹೆಣ್ಣಿಗೂ. ಗುಲಾಬಿ ತಲೆಯದಕ್ಕೆ ಅಂಥ ಪಟ್ಟಿ ಇಲ್ಲ, ರೆಕ್ಕೆಯ ಅಡಿಭಾಗ ತಿಳಿ ಗುಲಾಬಿ.

ಜಾಗ, ಕಾಲ ಕೂಡ ಸಾಕ್ಷಿ. ಕೆಂಪು ಜುಟ್ಟು ಚಳಿಗಾಲದ ಅತಿಥಿ, ತೆರೆದ ದೊಡ್ಡ ಕೆರೆಯಲ್ಲಿ ಹಿಂಡಾಗಿ ಈಜುತ್ತೆ. ಗುಲಾಬಿ ತಲೆ ಇಲ್ಲೇ ಮರಿ ಮಾಡುತ್ತಿದ್ದ ಹಕ್ಕಿ, ಹುಲ್ಲಿನ ಮರೆಯದ್ದು.

ಇನ್ನೊಂದು ಮಜಾ ವಿಷಯ ಗೊತ್ತಾ? ಕೆಲವು ವಿಜ್ಞಾನಿಗಳು ಎರಡೂ ಹತ್ತಿರದ ಸಂಬಂಧಿಗಳು ಅಂತ ಒಂದೇ ಕುಲಕ್ಕೆ ಸೇರಿಸಿದ್ದೂ ಉಂಟು.

5/6
ಕೊನೆಯ ಹಕ್ಕಿಗಳು ಬದುಕಿದ್ದು ಇಂಗ್ಲೆಂಡಿನ ಫಾಕ್ಸ್‌ವಾರನ್ ಪಾರ್ಕ್‌ನಲ್ಲಿ, ಆಲ್‌ಫ್ರೆಡ್ ಎಜ್ರಾ ಅವರ ಪಕ್ಷಿ ಸಂಗ್ರಹದಲ್ಲಿ. ಕಲ್ಕತ್ತಾದಲ್ಲಿದ್ದ ಅವರ ಸಹೋದರ ಡೇವಿಡ್ ಎಜ್ರಾ ಕೂಡ ಈ ಬಾತುಗಳನ್ನು ಸಾಕಿದ್ದರು. ಆದರೆ ಫಾಕ್ಸ್‌ವಾರನ್‌ನಲ್ಲಿ ಅವು ಮರಿ ಮಾಡಲೇ ಇಲ್ಲ. ಅಲ್ಲಿ ತೆಗೆದ ಕಪ್ಪು-ಬಿಳುಪು ಫೋಟೋಗಳು ಇವತ್ತಿಗೂ ಇವೆ. ಗುಲಾಬಿಗೆ ಹೆಸರಾದ ಹಕ್ಕಿ, ಫೋಟೋದಲ್ಲಿ ಗುಲಾಬಿಯೇ ಇಲ್ಲ.

6/6
ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಹಕ್ಕಿಗೆ ಅತಿ ಹೆಚ್ಚಿನ ರಕ್ಷಣೆ ಕೊಟ್ಟಿತು. ಕಾಡಿನ ಕೊನೆಯ ದಾಖಲೆಗೆ ಆಗಲೇ 37 ವರ್ಷ. 2017ರಲ್ಲಿ ಮ್ಯಾನ್ಮಾರ್‌ನ ಇಂಡಾಜಿ ಸರೋವರದ ಸುತ್ತ ಹುಡುಕಿದರು, ಸಿಗಲಿಲ್ಲ. ಆದರೂ "ಅಳಿದುಹೋಯ್ತು" ಅಂತ ಯಾರೂ ಕೊನೆಯ ಗೆರೆ ಎಳೆದಿಲ್ಲ.

ಅದಕ್ಕೇ ಗುರುತಿಸುವಿಕೆ ಬರೀ ಹವ್ಯಾಸ ಅಲ್ಲ, ಅದು ಇತಿಹಾಸದ ಸಾಕ್ಷಿ. ತಪ್ಪು ಗುರುತು ಇಲ್ಲದ ಹಕ್ಕಿಯನ್ನು ಕಾಗದದ ಮೇಲೆ ಬದುಕಿಸುತ್ತೆ. ಅದು ನಿಜವಾಗಿ ಯಾವಾಗ ಹೋಯ್ತು, ಯಾಕೆ ಹೋಯ್ತು ಅನ್ನೋದು ಅಷ್ಟೇ ಮಸುಕಾಗುತ್ತೆ. ಕೆರೆಗೆ ಹೋದಾಗ ಮೊದಲು ಕೊಕ್ಕು, ಪಕ್ಕೆ, ರೆಕ್ಕೆ ನೋಡಿ. ದಿನಾಂಕ, ಜಾಗ ಬರೆದಿಡಿ. ಹೆಸರು ಆಮೇಲೆ ಹೇಳಿ.

ಈ ಎರಡರಲ್ಲಿ ಯಾವುದಾದರೂ ಒಂದರ ಹೆಸರು ನಿಮಗೆ ಮೊದಲೇ ಗೊತ್ತಿತ್ತಾ? ಕಮೆಂಟಲ್ಲಿ ಹೇಳಿ. ಮುಂದಿನ ಕಂತು ಬೇಗ ಬರುತ್ತೆ.

#ಗುಲಾಬಿತಲೆಬಾತು #ಹಕ್ಕಿಇತಿಹಾಸ #ಕನ್ನಡದಲ್ಲಿವಿಜ್ಞಾನ