ಮೇಸ್ತ್ರಿ ತಲೆಯ ಲೆಕ್ಕ ಕಾಲೇಜು ಸೇರಿದ ಕಥೆ

ನಮ್ಮ ಸೋದರಮಾವ ಗಾರೆ ಮೇಸ್ತ್ರಿ. ಮೂವತ್ತು ವರ್ಷದಿಂದ ಅದೇ ಕೆಲಸ. ಪಾಯದ ಅಳತೆ ಹೇಳಿದರೆ ಸಾಕು, ಎಷ್ಟು ಲೋಡ್ ಕಲ್ಲು, ಎಷ್ಟು ಮೂಟೆ ಸಿಮೆಂಟ್ ಬೇಕು ಅಂತ ಒಂದು ಬೀಡಿ ಸೇದಿ ಮುಗಿಸುವುದರೊಳಗೆ ಹೇಳಿಬಿಡುತ್ತಾರೆ. ಊರಿನ ಅಂಗನವಾಡಿ ಕಟ್ಟಿಸಿದ್ದು ಅವರೇ. ಆದರೆ ಎಂ.ಬಿ. ಬರೆದವರು ಬೇರೆ, ಸಹಿ ಹಾಕಿದವರು ಬೇರೆ. ಯಾವ ಕಾಗದದಲ್ಲೂ ಮಾವನ ಹೆಸರಿಲ್ಲ.

ಮೊನ್ನೆ ಅವರ ಮಗ, ಪಿಯುಸಿ ಮುಗಿಸಿದವನು, ಮೊಬೈಲ್ ಹಿಡಿದುಕೊಂಡು ಬಂದ. "ಭಾವ, ಅಮೆರಿಕದಲ್ಲಿ ಕಮ್ಯುನಿಟಿ ಕಾಲೇಜು ಅಂತ ಇದಾವಂತೆ. ಅಲ್ಲಿ ಎರಡು ವರ್ಷ ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಓದಬಹುದಂತೆ. ಹಂಗಂದ್ರೆ ಏನು?" ಮಾವ ಜಗಲಿ ಮೇಲಿಂದಲೇ ನಕ್ಕರು. "ಮೇಸ್ತ್ರಿ ಆಗೋಕೂ ಕಾಲೇಜು ಬೇಕೇನೋ?"

ಆ ಪ್ರಶ್ನೆಯ ಬೆನ್ನು ಹತ್ತಿ ನಾನು ಹೋಗಿ ನಿಂತದ್ದು ಜೋಲಿಯೆಟ್ ಎಂಬ ಊರಿನ ಚರಿತ್ರೆಯಲ್ಲಿ. ಅಮೆರಿಕದ ಶಿಕಾಗೊ ನಗರದಿಂದ ಸುಮಾರು 60 ಕಿ.ಮೀ. ದೂರದ ಊರು ಅದು. ಸುಣ್ಣಕಲ್ಲಿನ ಕ್ವಾರಿಗಳ ಊರು, ಉಕ್ಕಿನ ಕಾರ್ಖಾನೆಗಳ ಊರು. ಅಲ್ಲಿನ ದುಡಿಯುವವರ ಮಕ್ಕಳು ಹೈಸ್ಕೂಲು ಮುಗಿಸಿದ ಮೇಲೆ ದೂರದ ವಿಶ್ವವಿದ್ಯಾಲಯಕ್ಕೆ ಹೋಗಬೇಕೆಂದರೆ ಫೀಸು, ರೂಮು, ಊಟ ಎಲ್ಲದಕ್ಕೂ ದುಡ್ಡು ಬೇಕಿತ್ತು. 1901ರಲ್ಲಿ ಅಲ್ಲಿನ ಹೈಸ್ಕೂಲಿನ ಮುಖ್ಯಸ್ಥ ಜೆ. ಸ್ಟಾನ್ಲಿ ಬ್ರೌನ್ ಮತ್ತು ಶಿಕಾಗೊ ವಿಶ್ವವಿದ್ಯಾಲಯದ ಅಧ್ಯಕ್ಷ ವಿಲಿಯಂ ರೈನಿ ಹಾರ್ಪರ್ ಸೇರಿ ಒಂದು ದಾರಿ ಹುಡುಕಿದರು. ಕಾಲೇಜಿನ ಮೊದಲ ಎರಡು ವರ್ಷದ ಪಾಠವನ್ನು ಊರಿನ ಹೈಸ್ಕೂಲಿನಲ್ಲೇ ಹೇಳಿಕೊಡುವುದು, ಉಳಿದದ್ದಕ್ಕೆ ಆಮೇಲೆ ದೊಡ್ಡ ಕಾಲೇಜಿಗೆ ಹೋಗುವುದು. ಮೊದಲ ತಂಡದಲ್ಲಿದ್ದವರು ಆರೇ ಜನ. ಜೋಲಿಯೆಟ್ ಜೂನಿಯರ್ ಕಾಲೇಜು ಈಗಲೂ ಇದೆ. ಅಮೆರಿಕದ ಸರ್ಕಾರಿ ಕಮ್ಯುನಿಟಿ ಕಾಲೇಜುಗಳಲ್ಲಿ ಅತಿ ಹಳೆಯದು ಅದೇ.

ಆದರೆ ಅಲ್ಲಿ ಶುರುವಿನಲ್ಲಿ ಕರಣೆ, ರಸಮಟ್ಟದ ಮಾತೇ ಇರಲಿಲ್ಲ. ಅದು ವಿಶ್ವವಿದ್ಯಾಲಯಕ್ಕೆ ಹತ್ತುವ ಮೆಟ್ಟಿಲು ಅಷ್ಟೆ. ಕಟ್ಟಡ ಕಟ್ಟಿಸುವ ವಿದ್ಯೆ ಸೈಟಿನಲ್ಲೇ ಇತ್ತು, ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ದಾಟುತ್ತಿತ್ತು.

ಆ ವಿದ್ಯೆ ಎಷ್ಟು ದೊಡ್ಡದು ಎಂಬುದಕ್ಕೆ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡ ನೋಡಬೇಕು. 1930ರ ಮಾರ್ಚ್‌ನಲ್ಲಿ ಕಟ್ಟಲು ಶುರು, 1931ರ ಮೇ 1ಕ್ಕೆ ಉದ್ಘಾಟನೆ. 102 ಮಹಡಿ, 410 ದಿನ. (ನಮ್ಮ ಹೋಬಳಿಯ ಬಸ್ ನಿಲ್ದಾಣಕ್ಕೆ ಎಷ್ಟು ವರ್ಷ ಹಿಡಿಯಿತು ಅಂತ ಇಲ್ಲಿ ಕೇಳಬೇಡಿ.) ಕೆಲಸ ಬಿರುಸಾಗಿದ್ದ ದಿನಗಳಲ್ಲಿ ಸೈಟಿನಲ್ಲಿ 3,400 ಜನ. ಸುಮಾರು 1 ಕೋಟಿ ಇಟ್ಟಿಗೆ. ಸುತ್ತಲೂ ಗಿಜಿಗುಡುವ ಪೇಟೆ. ನಾವು ಮನೆ ಮುಂದೆ ರಸ್ತೆಗೆ ಮರಳು, ಜಲ್ಲಿ ಸುರಿದುಕೊಳ್ಳುವ ಹಾಗೆ ಅಲ್ಲಿ ಸುರಿಯಲು ಜಾಗವೇ ಇರಲಿಲ್ಲ. ಯಾವ ಲಾರಿ ಯಾವಾಗ ಬರಬೇಕು, ಅದರ ಸಾಮಾನು ಯಾವ ಮಹಡಿಗೆ ಹೋಗಬೇಕು ಎಂದು ದಿನದಿನಕ್ಕೂ ಪಟ್ಟಿ ಸಿದ್ಧವಾಗುತ್ತಿತ್ತು. ಮಹಡಿಗಳ ಮೇಲೆ ಪುಟ್ಟ ಹಳಿ ಹಾಕಿ ತಳ್ಳುಬಂಡಿಯಲ್ಲಿ ಸಾಮಾನು ಸಾಗಿಸಿದರು. ಊಟಕ್ಕೆ ಕೆಳಗಿಳಿದರೆ ಹೊತ್ತು ಹಾಳು ಅಂತ ಕಟ್ಟಡದೊಳಗೇ ಅಲ್ಲಲ್ಲಿ ಕ್ಯಾಂಟೀನ್ ಇಟ್ಟರು. ಇಟ್ಟಿಗೆ ಇಡುವುದು ಒಂದು ವಿದ್ಯೆ, ಇಟ್ಟಿಗೆ ಇಡುವವನ ಕೈಗೆ ಹೊತ್ತಿಗೆ ಸರಿಯಾಗಿ ಇಟ್ಟಿಗೆ ಸಿಗುವ ಹಾಗೆ ಮಾಡುವುದು ಇನ್ನೊಂದು ವಿದ್ಯೆ. ಈ ಎರಡನೆಯದಕ್ಕೇ ಮುಂದೆ ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಎಂಬ ಹೆಸರು ಬಂತು.

ಕಟ್ಟಡ ಎದ್ದದ್ದು ಮಹಾ ಆರ್ಥಿಕ ಕುಸಿತದ ಹೊತ್ತಿನಲ್ಲಿ. ಹೊರಗೆ ಲಕ್ಷಾಂತರ ಜನರಿಗೆ ಕೆಲಸವಿರಲಿಲ್ಲ. ಆ ದಶಕದಲ್ಲೇ ಎರಡು ವರ್ಷದ ಕಾಲೇಜುಗಳು ಕೈಕಸುಬಿನ ಕಡೆಗೂ ಹೊರಳಿದವು. ಎರಡನೇ ಮಹಾಯುದ್ಧ ಮುಗಿಯುವ ಮೊದಲೇ, 1944ರಲ್ಲಿ, ಮರಳಿ ಬರುವ ಸೈನಿಕರ ಓದಿನ ಖರ್ಚು ಸರ್ಕಾರವೇ ಕೊಡುವ ಕಾನೂನು ಬಂತು. 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗ, ದೇಶದ ಉದ್ದಗಲಕ್ಕೂ ಇಂಥ ಕಾಲೇಜು ಬೇಕು ಎಂದಿತು. ಕಮ್ಯುನಿಟಿ ಕಾಲೇಜು ಎಂಬ ಹೆಸರು ಜನರ ಬಾಯಿಗೆ ಬಂದದ್ದು ಆಮೇಲೆ. 1960ರ ದಶಕವೊಂದರಲ್ಲೇ ಅಂಥವು 450ಕ್ಕೂ ಹೆಚ್ಚು ತೆರೆದವು. ವಾರಕ್ಕೆ ಹತ್ತಿರಹತ್ತಿರ ಒಂದು!

ಆ ಹೊತ್ತಿಗೆ ಮೇಸ್ತ್ರಿ ತಲೆಯ ಲೆಕ್ಕವನ್ನು ಕಾಗದಕ್ಕೆ ಇಳಿಸುವ ವಿಧಾನವೂ ಸಿಕ್ಕಿತ್ತು. 1957ರ ಸುಮಾರಿಗೆ ಡುಪಾಂಟ್ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡ್ ಕಂಪನಿಯ ಜೇಮ್ಸ್ ಕೆಲ್ಲಿ ಸೇರಿ ಕ್ರಿಟಿಕಲ್ ಪಾತ್ ಎಂಬ ಲೆಕ್ಕ ಕಂಡುಹಿಡಿದರು. ಹೆಸರು ಕೇಳಿ ಹೆದರಬೇಡಿ. ನಿಮ್ಮ ಮನೆಯನ್ನೇ ತೆಗೆದುಕೊಳ್ಳಿ. ಪಾಯ ಆಗದೆ ಗೋಡೆ ಏಳದು, ಗೋಡೆ ಏಳದೆ ಮೋಲ್ಡ್ ಹಾಕಲಾಗದು, ಮೋಲ್ಡ್ ಹಾಕಿದ ಮೇಲೆ ಸೆಂಟ್ರಿಂಗ್ ಬಿಚ್ಚಲು ಎರಡು ಮೂರು ವಾರ ಕಾಯಲೇಬೇಕು. ಇದು ಒಂದರ ಬೆನ್ನಿಗೊಂದು ಕಟ್ಟಿಕೊಂಡ ಸರಪಳಿ. ಇಲ್ಲಿ ಒಂದು ದಿನ ತಡವಾದರೆ ಗೃಹಪ್ರವೇಶವೇ ಒಂದು ದಿನ ಮುಂದಕ್ಕೆ. ಆದರೆ ಗೋಡೆ ಏಳುತ್ತಿರುವಾಗ ಬಡಗಿ ಬಾಗಿಲ ರೆಕ್ಕೆ ತರುವುದು ನಾಲ್ಕು ದಿನ ತಡವಾದರೂ ನಷ್ಟವಿಲ್ಲ. ಹಾಗಾದರೆ ಯಾರ ಮೇಲೆ ಕೂಗಾಡಬೇಕು, ಯಾರನ್ನು ಸುಮ್ಮನೆ ಬಿಡಬಹುದು? ಅದನ್ನು ಮೊದಲೇ ಗೆರೆ ಎಳೆದು ತೋರಿಸುವುದೇ ಆ ಲೆಕ್ಕ.

ಕಾಗದಕ್ಕೆ ಇಳಿದ ಮೇಲೆ ಅದನ್ನು ಯಾರಿಗಾದರೂ ಕಲಿಸಬಹುದು. ನನಗೆ ಇಡೀ ಕಥೆಯಲ್ಲಿ ಮುಖ್ಯ ಅನ್ನಿಸಿದ್ದು ಇದೇ. ಯಾಕೆಂದರೆ ಅಲ್ಲೂ ಒಳ್ಳೆಯ ಕಸುಬು ಅಪ್ಪನಿಂದ ಮಗನಿಗೆ, ಮಾವನಿಂದ ಅಳಿಯನಿಗೆ ಹೋಗುತ್ತಿತ್ತು. ಬಿಳಿಯರ ಹಿಡಿತದಲ್ಲಿದ್ದ ಎಷ್ಟೋ ಕಟ್ಟಡ ಕಾರ್ಮಿಕರ ಸಂಘಗಳು ಕಪ್ಪು ಜನರನ್ನು ಒಳಗೆ ಬಿಡುತ್ತಿರಲಿಲ್ಲ. 1969ರಲ್ಲಿ ಅಧ್ಯಕ್ಷ ನಿಕ್ಸನ್ ಸರ್ಕಾರ ಫಿಲಡೆಲ್ಫಿಯಾ ಯೋಜನೆ ತಂದು, ಸರ್ಕಾರಿ ಹಣದ ಕಾಮಗಾರಿಗಳಲ್ಲಿ ಅವರನ್ನೂ ಸೇರಿಸಿಕೊಳ್ಳಲು ಗುರಿ ಹಾಕಬೇಕಾಯಿತು. ಕಮ್ಯುನಿಟಿ ಕಾಲೇಜಿನಲ್ಲಾದರೆ ಯಾರ ಮಗ ಎಂದು ಕೇಳುವವರಿಲ್ಲ. ಹಗಲು ಸೈಟಿನಲ್ಲಿ ದುಡಿದು ಸಂಜೆ ತರಗತಿಗೆ ಬರುವವರು ಇವತ್ತಿಗೂ ಇದ್ದಾರೆ. ನಕ್ಷೆ ಓದುವುದು, ಎಸ್ಟಿಮೇಟ್, ಸರ್ವೆ, ಕೆಲಸದ ವೇಳಾಪಟ್ಟಿ, ಒಪ್ಪಂದದ ಕಾನೂನು, ಕಾರ್ಮಿಕರ ಸುರಕ್ಷತೆ ಅಲ್ಲಿನ ಪಾಠಗಳು.

ಎಲ್ಲ ಚೆಂದವೇ ಎಂದು ಬರೆದರೆ ಸುಳ್ಳಾಗುತ್ತದೆ. 1960ರಲ್ಲೇ ಬರ್ಟನ್ ಕ್ಲಾರ್ಕ್ ಎಂಬ ಸಮಾಜಶಾಸ್ತ್ರಜ್ಞ ಕ್ಯಾಲಿಫೋರ್ನಿಯಾದ ಒಂದು ಎರಡು ವರ್ಷದ ಕಾಲೇಜನ್ನು ನೋಡಿ ಬರೆದ ಲೇಖನ ಈಗಲೂ ಚರ್ಚೆಯಲ್ಲಿದೆ. ಮುಂದೆ ಪದವಿ ಮಾಡುತ್ತೇನೆ ಎಂದು ಬಂದ ಹುಡುಗರನ್ನು ಈ ಕಾಲೇಜುಗಳು ಮೆಲ್ಲಗೆ ಸಣ್ಣ ಕೋರ್ಸಿಗೆ ತಿರುಗಿಸಿ ಅವರ ಆಸೆ ತಣ್ಣಗೆ ಮಾಡುತ್ತವೆ ಎಂಬುದು ಅವರ ಮಾತಿನ ಸಾರ. ನಾನೂ ಡಿಪ್ಲೊಮಾ ಮಾಡಿದವನೇ. "ಇಷ್ಟು ಸಾಕಲ್ವಾ ನಿಂಗೆ" ಎಂಬ ಮಾತು ಎಷ್ಟು ಮೆತ್ತಗೆ ಬರುತ್ತದೆ ಅಂತ ಗೊತ್ತು.

ನಮ್ಮಲ್ಲಿ ಏನಿದೆ ಎಂದು ಹುಡುಗ ಕೇಳಿದ. ಇದೆ. ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್ 1943ರಲ್ಲಿ ಕಸುಬು ಕಲಿಸುವ ಸಂಸ್ಥೆಯಾಗಿಯೇ ಶುರುವಾದದ್ದು. ಸರ್ ಎಂ. ವಿಶ್ವೇಶ್ವರಯ್ಯನವರು ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕಾಗಿ ತಮಗೆ ಬರಬೇಕಿದ್ದ ಹಣವನ್ನು ಅದಕ್ಕೆ ಕೊಟ್ಟರು. ಕಮ್ಯುನಿಟಿ ಕಾಲೇಜು ಎಂಬ ಹೆಸರಿನಲ್ಲೇ 1995ರಲ್ಲಿ ಪುದುಚೇರಿಯಲ್ಲಿ ಒಂದು ತೆರೆಯಿತು, 2013ರಲ್ಲಿ ಯುಜಿಸಿ ಅದಕ್ಕೊಂದು ಯೋಜನೆಯನ್ನೂ ತಂದಿತು. ನಮ್ಮ ಹಳ್ಳಿಗಳ ತನಕ ಆ ಹೆಸರು ಬಂದಂತೆ ಕಾಣಲಿಲ್ಲ. ಆದರೆ ಅದೇ ಕೆಲಸ ಮಾಡುವ ಬಾಗಿಲು ಪಾಲಿಟೆಕ್ನಿಕ್ಕಿನದು. ಎಸ್ಸೆಸ್ಸೆಲ್ಸಿ ಮೇಲೆ ಮೂರು ವರ್ಷದ ಸಿವಿಲ್ ಡಿಪ್ಲೊಮಾ. ಪಿಯುಸಿ ಸೈನ್ಸ್ ಅಥವಾ ಐಟಿಐ ಆದವರು ನೇರ ಎರಡನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದರೆ ಬಿ.ಇ. ಎರಡನೇ ವರ್ಷ. ಹುಡುಗ ಅರ್ಜಿ ಹಾಕಲು ಒಪ್ಪಿದ್ದಾನೆ.

ಮಾವನಂಥವರಿಗೆ? ಕಾರ್ಮಿಕ ಮಂಡಳಿಯ ಲೇಬರ್ ಕಾರ್ಡ್ ಅವರ ಹತ್ತಿರ ಇದೆ. ಅದು 90 ದಿನ ದುಡಿದಿದ್ದಾರೆ ಎನ್ನುತ್ತದೆ, ಏನು ಬಲ್ಲರು ಎನ್ನುವುದಿಲ್ಲ. ಗೊತ್ತಿರುವ ಕೆಲಸವನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಆರ್‌ಪಿಎಲ್ ಎಂಬ ವ್ಯವಸ್ಥೆ ಕೇಂದ್ರದ ಕೌಶಲ ಯೋಜನೆಯಲ್ಲಿದೆ. ಹೇಳಿದೆ. "ಅದು ತಗೊಂಡ್ರೆ ಕೂಲಿ ಜಾಸ್ತಿ ಆಗ್ತದಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಖಾಲಿ ಸಿಮೆಂಟ್ ಮೂಟೆ ಹರವಿ, ಇದ್ದಿಲಿನಲ್ಲಿ ಆ ಕ್ರಿಟಿಕಲ್ ಪಾತ್ ಬರೆದು ತೋರಿಸಿದೆ. ಪಾಯ, ಗೋಡೆ, ಲಿಂಟಲ್, ಮೋಲ್ಡ್, ಗಾರೆ, ಬಣ್ಣ. ಮಾವ ಬಗ್ಗಿ ನೋಡಿದರು. ಬೀಡಿ ಹಿಡಿದ ಬೆರಳಿಂದಲೇ ಪಾಯದ ಹಿಂದಿನ ಖಾಲಿ ಜಾಗ ತೋರಿಸಿದರು.

"ನೀರು ಎಲ್ಲಿಂದ ತರ್ತಿ? ಬೋರು ಬರೆದೇ ಇಲ್ವಲ್ಲೋ."