ಕೊಬ್ಬರಿ ಬೆಲೆಯೂ ಸರಾಸರಿಯ ಪಾಠವೂ: ಸ್ಪ್ರೆಡ್‌ಶೀಟ್ ಕುರಿತ ಶಿಕ್ಷಕರ ನಿಲುವುಗಳು

ಅಂಕಪಟ್ಟಿ ಸಿದ್ಧಪಡಿಸುವ ಶಿಕ್ಷಕರಿಗೆ ಎಕ್ಸೆಲ್ ಹೊಸದಲ್ಲ. ಅದೇ ತಂತ್ರಾಂಶದಿಂದ ಹತ್ತನೇ ತರಗತಿಗೆ ಸಂಖ್ಯಾಶಾಸ್ತ್ರ ಕಲಿಸಬಹುದೇ ಎಂದಾಗ ಮಾತ್ರ ಅಭಿಪ್ರಾಯ ಕವಲೊಡೆಯುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಮಕ್ಕಳಿಗೆ ಮನೆಮಾತಾಗಿರುವ ಕೊಬ್ಬರಿ ಬೆಲೆಯನ್ನೇ ಹಿಡಿದು ಈ ಲೇಖನ ಎರಡೂ ನಿಲುವುಗಳನ್ನು ಪರಿಶೀಲಿಸುತ್ತದೆ.

ರಾಜ್ಯದಲ್ಲಿ ಈ ಚರ್ಚೆಗೆ ಹಿನ್ನೆಲೆಯಿದೆ. ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಯಲ್ಲಿ ಪ್ರೌಢಶಾಲಾ ಶಿಕ್ಷಕರು ಜಿಯೋಜೀಬ್ರಾ, ಲಿಬ್ರೆ ಆಫೀಸ್‌ನಂಥ ಮುಕ್ತ ತಂತ್ರಾಂಶಗಳನ್ನು ಬಳಸಲು ಕಲಿತರು. ರೇಖಾಗಣಿತಕ್ಕೆ ಜಿಯೋಜೀಬ್ರಾ ಸಲೀಸಾಗಿ ಹೊಂದಿತು. ಸಂಖ್ಯಾಶಾಸ್ತ್ರಕ್ಕೆ ಸ್ಪ್ರೆಡ್‌ಶೀಟ್ ಅಷ್ಟು ಸಲೀಸಲ್ಲ.

ಕೈಲೆಕ್ಕವೇ ಬೇಕೆನ್ನುವವರ ವಾದದಲ್ಲಿ ಹುರುಳಿದೆ. ಪಠ್ಯದಲ್ಲಿರುವುದು ವರ್ಗೀಕೃತ ದತ್ತಾಂಶ. ಆವೃತ್ತಿಯ ಕಂಬಸಾಲಿಗೆ ‘ಮೀಡಿಯನ್’ ಸೂತ್ರ ಹಾಕಿದರೆ ಸಿಗುವುದು ಆವೃತ್ತಿಗಳ ಮಧ್ಯಾಂಕವೇ ಹೊರತು ದತ್ತಾಂಶದ್ದಲ್ಲ. ವರ್ಗಾಂತರ, ಸಂಚಿತ ಆವೃತ್ತಿ ತಿಳಿಯದ ವಿದ್ಯಾರ್ಥಿಗೆ ಆ ತಪ್ಪು ಕಾಣುವುದೇ ಇಲ್ಲ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಂತೂ ಎಲ್ಲವನ್ನೂ ಕೈಯಲ್ಲೇ ಬಿಡಿಸಬೇಕು.

ಹಾಗಾದರೆ ಸ್ಪ್ರೆಡ್‌ಶೀಟ್ ಏಕೆ?

ಉಂಡೆ ಕೊಬ್ಬರಿಗೆ ಕೇಂದ್ರ ಘೋಷಿಸಿದ ಕ್ವಿಂಟಲ್ ಬೆಂಬಲ ಬೆಲೆ 2021ರಿಂದ 2025ರವರೆಗೆ ಕ್ರಮವಾಗಿ 10,600, 11,000, 11,750, 12,000 ಮತ್ತು 12,100 ರೂಪಾಯಿ. ಸರಾಸರಿ 11,490, ಮಧ್ಯಾಂಕ 11,750. ಕೊನೆಯ ಸಂಖ್ಯೆಗೆ ಒಂದು ಸೊನ್ನೆ ಹೆಚ್ಚಾಗಿ ಬಿದ್ದು 1,21,000 ಆಯಿತೆನ್ನಿ. ಸರಾಸರಿ ಒಮ್ಮೆಲೇ 33,270ಕ್ಕೆ ಜಿಗಿಯುತ್ತದೆ, ಮಧ್ಯಾಂಕ ಕದಲುವುದಿಲ್ಲ. ಕೈಲೆಕ್ಕದಲ್ಲಿ ಇದನ್ನು ತೋರಿಸಲು ಇಡೀ ಲೆಕ್ಕವನ್ನು ಮತ್ತೆ ಮಾಡಬೇಕು. ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಸೆಲ್ ತಿದ್ದಿದರೆ ಸಾಕು, ಯಾವ ಅಳತೆಯನ್ನು ಯಾವಾಗ ನಂಬಬೇಕೆಂಬ ಪ್ರಶ್ನೆ ಮಕ್ಕಳಿಂದಲೇ ಏಳುತ್ತದೆ.

ತಂತ್ರಾಂಶದ ಎಡವಟ್ಟುಗಳೂ ಪಾಠವಾಗುತ್ತವೆ. ‘ಆವರೇಜ್’ ಸೂತ್ರ ಖಾಲಿ ಸೆಲ್ಲನ್ನು ಬಿಡುತ್ತದೆ, ಸೊನ್ನೆಯನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಗೈರುಹಾಜರಾದವರ ಅಂಕವನ್ನು ಖಾಲಿ ಬಿಟ್ಟರೊಂದು ಸರಾಸರಿ, ಸೊನ್ನೆ ಹಾಕಿದರೆ ಇನ್ನೊಂದು. ಎಡವಟ್ಟು ತಜ್ಞರನ್ನೂ ಬಿಟ್ಟಿಲ್ಲ. ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞರಾದ ರೈನ್‌ಹಾರ್ಟ್ ಮತ್ತು ರೊಗಾಫ್ ಸರ್ಕಾರಿ ಸಾಲದ ಕುರಿತು 2010ರಲ್ಲಿ ಬರೆದ ಪ್ರಬಂಧದಲ್ಲಿ, ಎಕ್ಸೆಲ್ ಸೂತ್ರದ ವ್ಯಾಪ್ತಿ ತಪ್ಪಿ ಐದು ದೇಶಗಳು ಸರಾಸರಿಯಿಂದ ಹೊರಗುಳಿದಿದ್ದವು. 2013ರಲ್ಲಿ ಅದನ್ನು ಪತ್ತೆಹಚ್ಚಿದವರಲ್ಲಿ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್ ಒಬ್ಬರು.

ಆದ್ದರಿಂದ ಕ್ರಮ ಮುಖ್ಯ. ಮೊದಲು ನೋಟ್‌ಬುಕ್‌ನಲ್ಲಿ ಪೂರ್ತಿ ಲೆಕ್ಕ, ಆಮೇಲೆ ಅದೇ ಹಂತಗಳನ್ನು ವಿದ್ಯಾರ್ಥಿಯೇ ಸೂತ್ರಗಳಾಗಿ ಸೆಲ್‌ಗಳಲ್ಲಿ ಬರೆಯುವುದು. ಪ್ರತಿ ಮಗುವಿಗೊಂದು ಕಂಪ್ಯೂಟರ್ ಇಲ್ಲದಿದ್ದರೂ ಒಂದು ಪ್ರೊಜೆಕ್ಟರ್ ಇದ್ದರೆ, ಸಂಖ್ಯೆ ಬದಲಿಸುವ ಮುನ್ನ ತರಗತಿಯೆಲ್ಲ ಉತ್ತರ ಊಹಿಸಬಹುದು. ಎಸ್‌ಎಸ್‌ಎಲ್‌ಸಿ ಗಣಿತದ 100 ಅಂಕಗಳಲ್ಲಿ 20 ಆಂತರಿಕ ಮೌಲ್ಯಮಾಪನಕ್ಕಿವೆ. ಎಪಿಎಂಸಿ ದರಗಳನ್ನು ಕಲೆಹಾಕಿ ವಿಶ್ಲೇಷಿಸುವ ಚಟುವಟಿಕೆಯನ್ನು ಅಲ್ಲಿ ಸೇರಿಸಿದರೆ, ಪರೀಕ್ಷೆಗೆ ಹೊರಗಿನದೆಂದು ಈ ಪಾಠವನ್ನು ಬದಿಗಿಡುವ ಕಾರಣ ಶಿಕ್ಷಕರಿಗೆ ಉಳಿಯುವುದಿಲ್ಲ.